ಬಿಟ್ಟರೂ ಬಿಡದ ‘ಡಾಕ್ಟ್ರು’

ನಮ್ಮ ಊರುಗಳಲ್ಲಿ ಹುಡುಗನೊಬ್ಬ ಎಂಬಿಬಿಎಸ್ ಮುಗಿಸಿದನೆಂದರೆ ಅಪ್ಪ ಅಮ್ಮ ಇಟ್ಟ ಹೆಸರು ಅಂದಿಗೇ ಕಳೆದುಹೋಯಿತು. ಅವನಿನ್ನು ಡಾಕ್ಟ್ರು. ಅವನಿರುವುದು ಡಾಕ್ಟ್ರ ಮನೆ, ಕೈಹಿಡಿದವಳು ಡಾಕ್ಟ್ರ ಹೆಂಡ್ತಿ. ಮದುವೆಮನೆಯಲ್ಲಿ ಎಲೆ ಮುಂದೆ ಕೂತರೂ ಪಕ್ಕದವರ ಮಂಡಿನೋವು ತಪ್ಪಿದ್ದಲ್ಲ. ಇಂಥವನು ಒಂದು ದಿನ ಸ್ಟೆತಸ್ಕೋಪ್ ಕೆಳಗಿಟ್ಟು ‘ಇನ್ನು ಸಾಕು’ ಎಂದರೆ ಊರು ಕೇಳುವುದು ಒಂದೇ: ‘ಒಂದು ಸೀಟು ಹಾಳು ಮಾಡಿದನಲ್ಲ?’

ಹಿಂದಿ ಚಿತ್ರಗಳಲ್ಲಿ ಗಂಭೀರ ಮುಖದ ಅಪ್ಪನಾಗಿ ನಾವು ಕಂಡ ಶ್ರೀರಾಮ ಲಾಗೂ ಕಿವಿ, ಮೂಗು, ಗಂಟಲಿನ ಶಸ್ತ್ರವೈದ್ಯರಾಗಿದ್ದರು. ಪುಣೆಯಲ್ಲಿ, ಆಫ್ರಿಕಾದಲ್ಲಿ ರೋಗಿಗಳನ್ನು ನೋಡಿದವರು. 1969ರಲ್ಲಿ, 40 ದಾಟಿದ ಮೇಲೆ, ವೃತ್ತಿ ಬಿಟ್ಟು ಪೂರ್ತಿಯಾಗಿ ಮರಾಠಿ ರಂಗಭೂಮಿಗೆ ಬಂದರು. ಮರುವರ್ಷವೇ ವಿ.ವಾ. ಶಿರವಾಡಕರರ ‘ನಟಸಮ್ರಾಟ್’ ನಾಟಕದ ಗಣಪತರಾವ್ ಬೆಲ್ವಲ್ಕರ್ ಆದರು. ಬೆಲ್ವಲ್ಕರ್ ಯಾರು? ರಂಗದಿಂದ ನಿವೃತ್ತನಾಗಿ, ಆಸ್ತಿ ಮಕ್ಕಳಿಗೆ ಹಂಚಿ, ಆಮೇಲೆ ಯಾರಿಗೂ ಬೇಡವಾದ ಮುದಿ ನಟ. ವೃತ್ತಿ ಬಿಟ್ಟು ತಮ್ಮನ್ನು ಕಂಡುಕೊಂಡವರು, ವೃತ್ತಿ ಬಿಟ್ಟು ತನ್ನನ್ನು ಕಳೆದುಕೊಂಡವನ ಪಾತ್ರ ಕಟ್ಟಿದರು!

ಇಬ್ಬರಿಗೂ ವ್ಯತ್ಯಾಸ ಎಲ್ಲಿ? ಬೆಲ್ವಲ್ಕರ್‌ಗೆ ರಂಗದಾಚೆ ಇನ್ನೊಂದು ಬದುಕಿರಲಿಲ್ಲ. ಲಾಗೂ ಮಾತ್ರ ಡಾಕ್ಟರಿಕೆಯ ಬಗಲಲ್ಲೇ ವರ್ಷಗಟ್ಟಲೆ ಹವ್ಯಾಸಿ ನಾಟಕ ಆಡಿದ್ದರು. ಹೊಸ ಗುರುತು ರಾಜೀನಾಮೆಯ ಮರುದಿನ ಹುಟ್ಟುವುದಲ್ಲ. ಹಳೆಯದರ ನೆರಳಲ್ಲೇ ಸದ್ದಿಲ್ಲದೆ ಬೇರು ಬಿಟ್ಟಿರುತ್ತದೆ. ಹಳೆಯದೂ ಪೂರ್ತಿ ಉದುರುವುದಿಲ್ಲ. 2019ರಲ್ಲಿ ತೀರಿಕೊಳ್ಳುವವರೆಗೂ ಅವರು ಮಹಾರಾಷ್ಟ್ರಕ್ಕೆ ‘ಡಾಕ್ಟರ್’ ಲಾಗೂ ಆಗಿಯೇ ಇದ್ದರು. ನಟರೊಬ್ಬರಿಗೆ 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಕೊಟ್ಟ ‘ಡಾ.’ ಅನ್ನು ಅವರ ಹೆಸರಿನ ಭಾಗವಾಗಿಯೇ ಮಾಡಿಕೊಂಡ ನಮಗೆ ಇದು ಹೊಸದೇನಲ್ಲ.

ಸೀಟಿನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಸರ್ಕಾರಿ ಸೀಟಿನ ಹಿಂದೆ ಜನರ ದುಡ್ಡಿದೆ. ಕರ್ನಾಟಕ 2012ರ ಕಡ್ಡಾಯ ಸೇವೆಯ ಕಾಯ್ದೆಯನ್ನೂ ತಂದಿತು. ಅದು ಕೇಳಿದ್ದು ಒಂದು ವರ್ಷ. ಉಳಿದ ಆಯುಷ್ಯವನ್ನೂ ಬರೆದುಕೊಡಿ ಎಂದು ಕೇಳುತ್ತಿರುವುದು ಕಾನೂನಲ್ಲ, ನಾವು.

ಮುಂದಿನ ಮದುವೆಮನೆಯಲ್ಲಿ ವೃತ್ತಿ ಬಿಟ್ಟ ಡಾಕ್ಟ್ರೊಬ್ಬರು ಪಕ್ಕದಲ್ಲಿ ಕೂತರೆ ಮಂಡಿನೋವನ್ನು ಮನೆಗೇ ವಾಪಸ್ ಒಯ್ಯಿರಿ. ಒಮ್ಮೆ ಹೆಸರು ಹಿಡಿದು ಕರೆದು ನೋಡಿ. ಹಾಗೆ ಕರೆಸಿಕೊಂಡು ಎಷ್ಟು ವರ್ಷಗಳಾಗಿದ್ದವೋ, ಅವರು ತಿರುಗಿ ನೋಡಲು ಒಂದು ಗಳಿಗೆ ಹಿಡಿದೀತು.