ಏಜೆಂಟರ ಬೆದರಿಕೆಗೆ ಮಣಿಯದಿರಿ



ಡಬ್ಲಿನ್‌ಗೆ ಓದಲು ಹೋದ ನನ್ನ ತಂಗಿಯ ಮಗನ ವೀಸಾ ಅವಧಿ ಮುಗಿದಿತ್ತು. ಅಲ್ಲೇ ಕೆಲಸದಲ್ಲಿರುವ ಪೋಲೆಂಡಿನ ಹುಡುಗಿಯೊಂದಿಗೆ ಮದುವೆಯಾದಾಗ, ‘ಊರಿಗೆ ಬಂದು ಹೊಸ ವೀಸಾ ಮಾಡಿಸದಿದ್ದರೆ ಗಡೀಪಾರು’ ಎಂದು ಇಲ್ಲಿನ ಏಜೆಂಟೊಬ್ಬ ಹೆದರಿಸಿ ಎರಡು ಲಕ್ಷ ರೂಪಾಯಿ ಕಿತ್ತುಕೊಂಡ. ತಂಗಿ ಕೈಬಳೆ ಅಡವಿಟ್ಟಳು.

ಆದರೆ, ಸ್ವದೇಶ ಬಿಟ್ಟು ಐರೋಪ್ಯ ಒಕ್ಕೂಟದ ಇನ್ನೊಂದು ರಾಷ್ಟ್ರದಲ್ಲಿ ನೆಲೆಸಿದ ಪ್ರಜೆಯ ಸಂಗಾತಿಗೆ ಮೊದಲೇ ಕಾನೂನುಬದ್ಧ ವಾಸ ಇರಬೇಕಿಲ್ಲವೆಂದು ಒಕ್ಕೂಟದ ನ್ಯಾಯಾಲಯ 2008ರಲ್ಲೇ ಮೆಟಾಕ್ ಪ್ರಕರಣದಲ್ಲಿ ಹೇಳಿದೆ. ಅದು ಐರ್ಲೆಂಡಿನದ್ದೇ ಪ್ರಕರಣ. ಅರ್ಹರಿಗೆ ಆರು ತಿಂಗಳೊಳಗೆ ವಾಸದ ಕಾರ್ಡ್ ಕೊಡಬೇಕು. ಹುಡುಗಿ ಐರ್ಲೆಂಡಿನವಳೇ ಆಗಿದ್ದರೆ ನಿಯಮ ಬೇರೆ. ನೆಪದ ಮದುವೆಗಂತೂ ರಕ್ಷಣೆಯಿಲ್ಲ.

ಇಷ್ಟು ತಿಳಿಯದೆ ಎಷ್ಟು ಮನೆಗಳು ಸಾಲಕ್ಕೆ ಬಿದ್ದಿವೆಯೋ! ರಾಜ್ಯದ ಅನಿವಾಸಿ ಭಾರತೀಯ ಸಮಿತಿ ದಯವಿಟ್ಟು ಈ ಮಾಹಿತಿಯನ್ನು ಕನ್ನಡದಲ್ಲಿ ಪ್ರಕಟಿಸಲಿ.

– ಓದುಗರೊಬ್ಬರು, ಕುಂದಾಪುರ