ಕಾರಿನ ಬಾಗಿಲಿಗೂ ಇಂಗ್ಲಿಷೇ ಬೀಗದ ಕೈಯೇ?



ಕಳೆದ ಮಳೆಗಾಲದ ಮಾತು. ವಯಸ್ಸಾದ ತಾಯಿಯನ್ನು ಹೊನ್ನಾವರದಿಂದ ಕುಮಟಾಕ್ಕೆ ಆಸ್ಪತ್ರೆಗೆ ಕರೆದೊಯ್ದಿದ್ದೆ. ಬಾಗಿಲಲ್ಲಿ ಕಾರು ನಿಲ್ಲಿಸಿ ಗುಂಡಿ ಒತ್ತಿದೆ. ಮೂರು ಬಾಗಿಲು 'ಟಕ್' ಎಂದು ತೆರೆದವು. ತಾಯಿ ಕುಳಿತಿದ್ದ ಹಿಂಬದಿಯ ಎಡ ಬಾಗಿಲು ಮಾತ್ರ ಒಳಗೇ 'ಗುಂಯ್' ಎಂದು ಮುಲುಗಿ ಸುಮ್ಮನಾಯಿತು. ಒಳಗಿನ ಗುಬುಟನ್ನು ಎಳೆದರೂ ಅಲುಗಲಿಲ್ಲ. ಮಂಡಿನೋವಿನ ಮುದುಕಿ ಸೀಟಿನ ಮೇಲೆ ತೆವಳುತ್ತಾ ಬಲಗಡೆಯ ಬಾಗಿಲಿಂದ, ಹೆದ್ದಾರಿಯ ವಾಹನಗಳ ಕಡೆಗೆ ಇಳಿಯಬೇಕಾಯಿತು. ಕಾರಿಗೆ ಬೆಂಕಿ ಬಿದ್ದಿದ್ದರೆ? ಹೊಳೆಗೆ ಉರುಳಿದ್ದರೆ?

ವಿಚಾರಿಸಿದರೆ ಸರ್ವಿಸ್ ಸೆಂಟರಿನವರದು ಒಂದೇ ಮಾತು: "ಪೂರ್ತಿ ಸೆಟ್ ಬದಲಿಸಬೇಕು, ಹೊರಗಿಂದ ತರಿಸಬೇಕು, ಎರಡು ವಾರ ಬೇಕು." ಏನು ಕೆಟ್ಟಿದೆ ಎಂದರೆ, "ಆಕ್ಚುಯೇಟರ್." ಹಾಗೆಂದರೇನು ಎಂದರೆ, "ಅದು ನಿಮಗೆ ಗೊತ್ತಾಗುವುದಿಲ್ಲ."

ಯಾಕೆ ಗೊತ್ತಾಗುವುದಿಲ್ಲ ಸ್ವಾಮಿ? ಮನೆಗೆ ಬಂದು ಕಾರಿನ ಜೊತೆ ಕೊಟ್ಟ ದಪ್ಪ ಪುಸ್ತಿಕೆ ತೆರೆದೆ. ಮುನ್ನೂರಕ್ಕೂ ಹೆಚ್ಚು ಪುಟ, ಕನ್ನಡದ ಒಂದಕ್ಷರ ಇಲ್ಲ! ಪಿಯುಸಿ ಓದಿದ ನಾನು ಶಬ್ದಕೋಶ ಹಿಡಿದು ಕೂತೆ. ಕೊನೆಗೆ ದಾರಿ ತೋರಿಸಿದ್ದು ಆ ಪುಸ್ತಿಕೆಯಲ್ಲ, ಕುಮಟಾದ ಚಿಕ್ಕ ಗ್ಯಾರೇಜಿನ ಒಬ್ಬ ಹುಡುಗ. ಗುಂಡಿ ಒತ್ತುತ್ತಲೇ ಒಳಗಿನ ಗುಬುಟು ಎಳೆದು ಬಾಗಿಲು ತೆರೆಸಿದ. ಆಮೇಲೆ ಎಲ್ಲವನ್ನೂ ಚೊಕ್ಕ ಕನ್ನಡದಲ್ಲಿ ಹೇಳಿಕೊಟ್ಟ. ಆ ಭಾನುವಾರ ಮನೆಯಂಗಳದಲ್ಲಿ ನಾನೇ ರಿಪೇರಿ ಮಾಡಿದೆ.

ಆಕ್ಚುಯೇಟರ್ ಎಂದರೆ ಭೂತವಲ್ಲ, ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಒಳಗೆ 12 ವೋಲ್ಟಿನ ಪುಟ್ಟ ಮೋಟಾರು, ಹಲ್ಲುಗಾಲಿಗಳು, ಬೀಗವನ್ನು ಆಡಿಸುವ ಒಂದು ಸರಳು. ಕರೆಂಟು ಒಂದು ದಿಕ್ಕಿಗೆ ಹರಿದರೆ ಬೀಗ ಬೀಳುತ್ತದೆ, ಪ್ಲಸ್ ಮೈನಸ್ ಅದಲುಬದಲಾದರೆ ತೆರೆಯುತ್ತದೆ. ಇಷ್ಟೇ! ನಾಲ್ಕೂ ಬಾಗಿಲು ಸತ್ತಿದ್ದರೆ ಮೊದಲು ಫ್ಯೂಸ್ ನೋಡಿ. ಒಂದೇ ಬಾಗಿಲು ಸತ್ತು ಶಬ್ದವೂ ಇಲ್ಲದಿದ್ದರೆ ಆ ಬಾಗಿಲಿನ ವೈರ್ ನೋಡಿ. ಶಬ್ದವಿದ್ದೂ ಸರಳು ಅಲುಗದಿದ್ದರೆ ಒಳಗಿನ ಹಲ್ಲು ಸವೆದಿದೆ ಇಲ್ಲವೇ ಸಿಕ್ಕಿಕೊಂಡಿದೆ. ಭಟ್ಕಳದಿಂದ ಕುಮಟಾದವರೆಗೆ ಕಡಲ ಬದಿಯಲ್ಲಿರುವ ನಮಗೆ ಉಪ್ಪುಗಾಳಿಯ ಕಾಟ ಬೇರೆ. ವೈರಿನ ತುದಿಗೆ ಹಸಿರು ಕಿಲುಬು ಹತ್ತುತ್ತದೆ, ಅದನ್ನು ತಿಕ್ಕಿ ತೆಗೆದರೆ ಎಷ್ಟೋ ಸಲ ಬೀಗ ಮತ್ತೆ ಓಡುತ್ತದೆ.

ಕೆಲಸ ಹೀಗೆ. ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ. ಬದಿಯ ಏರ್‌ಬ್ಯಾಗ್ ಇರುವ ಕಾರಾದರೆ ಹಾಗೆ ಬಿಚ್ಚಿ ಹತ್ತು ನಿಮಿಷ ಕಾದೇ ಕೈ ಹಾಕಿ, ಇದು ತಮಾಷೆಯಲ್ಲ. ಹಿಡಿಕೆಯ ಹಿಂದೆ, ಕೈಯೂರುವ ಜಾಗದ ಒಳಗೆ ಅಡಗಿರುವ ಸ್ಕ್ರೂ ಬಿಚ್ಚಿ. ಚಪ್ಪಟೆ ಪ್ಲಾಸ್ಟಿಕ್ ಪಟ್ಟಿಯಿಂದ ಒಳಹಲಗೆಯ ಕ್ಲಿಪ್‌ಗಳನ್ನು ಕೆಳಗಿನಿಂದ ಒಂದೊಂದಾಗಿ ಮೀಟಿ. ಹಲಗೆಯನ್ನು ತಟ್ಟನೆ ಎಳೆಯಬೇಡಿ, ಕಿಟಕಿ ಸ್ವಿಚ್ಚಿನ ವೈರ್ ಹರಿದೀತು. ಅದರ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಬಿಡಿಸಿ. ಬಾಗಿಲ ಅಂಚಿನ ಸ್ಕ್ರೂ ಬಿಚ್ಚಿದರೆ ಬೀಗದ ಪೆಟ್ಟಿಗೆ ಸಡಿಲವಾಗುತ್ತದೆ. ಸರಳುಗಳು ಎಲ್ಲೆಲ್ಲಿ ಸಿಕ್ಕಿಸಿದ್ದವು ಎಂದು ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ಕೆಲವು ಕಾರುಗಳಲ್ಲಿ ಮೋಟಾರು ಬೀಗದ ಪೆಟ್ಟಿಗೆಯ ಒಳಗೇ ಇರುತ್ತದೆ, ಆಗ ಇಡೀ ಪೆಟ್ಟಿಗೆ ಬೇಕು. ನನ್ನದು ಬೇರೆಯಾಗಿತ್ತು, ಕೆಲವು ನೂರು ರೂಪಾಯಿಗೆ ಮುಗಿಯಿತು. ಹೊಸದನ್ನು ಕೂರಿಸಿ, ಹಲಗೆ ಮುಚ್ಚುವ ಮೊದಲು, ಬಾಗಿಲು ತೆರೆದಿಟ್ಟುಕೊಂಡೇ ನಾಲ್ಕಾರು ಸಲ ಪರೀಕ್ಷಿಸಿ. ಬ್ಯಾಟರಿ ಬಿಚ್ಚಿದ್ದ ಕಾರಾದರೆ ಸ್ವಿಚ್ಚು ವೈರುಗಳನ್ನೆಲ್ಲ ಮೊದಲಿನಂತೆ ಸಿಕ್ಕಿಸಿದ ಮೇಲೆಯೇ ಮೈನಸ್ ವೈರ್ ಜೋಡಿಸಿ. ಪ್ಲಾಸ್ಟಿಕ್ ಹಾಳೆಯನ್ನು ಮರೆಯದೆ ಮತ್ತೆ ಅಂಟಿಸಿ. ಮಳೆನೀರು ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿದು ತಳದ ತೂತುಗಳಿಂದ ಹೊರಹೋಗುತ್ತದೆ. ಹಾಳೆ ಇಲ್ಲದಿದ್ದರೆ ಆ ನೀರು ನಿಮ್ಮ ಕಾಲಬುಡಕ್ಕೆ ಬರುತ್ತದೆ, ನಮ್ಮ ಮಳೆಗೆ ಕೇಳಬೇಕೇ!

ಈಗ ಹೇಳಿ, ಇಷ್ಟು ಹೊತ್ತು ಬರೆದದ್ದು ನಿಮಗೆ ಅರ್ಥವಾಗಲಿಲ್ಲವೇ? ಸ್ಕ್ರೂ, ವೈರ್, ಕ್ಲಿಪ್, ಮೋಟಾರು ಇವೆಲ್ಲ ಎಂದೋ ಕನ್ನಡವಾಗಿವೆ. "ಯಂತ್ರದ ವಿಷಯ ಕನ್ನಡದಲ್ಲಿ ಹೇಳಲಾಗದು" ಎನ್ನುವವರು ಒಮ್ಮೆ ಗ್ಯಾರೇಜಿಗೆ ಬಂದು ನಿಲ್ಲಲಿ. ನಮ್ಮ ಮೂರು ತಾಲೂಕುಗಳಲ್ಲಿ ಮನೆಯೊಳಗೆ ಕೊಂಕಣಿ ಆಡುವವರಿದ್ದಾರೆ, ನವಾಯತಿ ಆಡುವವರಿದ್ದಾರೆ, ಹವಿಗನ್ನಡ, ಹಾಲಕ್ಕಿ ಕನ್ನಡ ಆಡುವವರಿದ್ದಾರೆ. ಕಾರಿನ ಬಾನೆಟ್ ಎತ್ತಿದ ಮೇಲೆ ಎಲ್ಲರೂ ಕೂಡುವುದು ಕನ್ನಡದಲ್ಲಿ. ಶಿವರಾಮ ಕಾರಂತರು ಮಕ್ಕಳಿಗೆ 'ಬಾಲಪ್ರಪಂಚ', ದೊಡ್ಡವರಿಗೆ 'ವಿಜ್ಞಾನ ಪ್ರಪಂಚ' ಬರೆದು ಜಗತ್ತಿನ ವಿದ್ಯೆಯನ್ನೆಲ್ಲ ಕನ್ನಡಕ್ಕೆ ಇಳಿಸಿದರು. ಕಾರು ಕಂಪನಿಗಳಿಗೆ ಒಂದು ಬೀಗದ ವಿಷಯ ಬರೆಸಲು ಆಗದೇ?

ಖರ್ಚಿನ ನೆಪ ಹೇಳಬೇಡಿ. ನಾನು ಮುದ್ರಣಾಲಯ ನಡೆಸುವವನು. ಕನ್ನಡದ ಪುಟಕ್ಕೆ ಇಂಗ್ಲಿಷ್ ಪುಟಕ್ಕಿಂತ ಹೆಚ್ಚು ಮಸಿ ಕುಡಿಯುವ ಹೊಟ್ಟೆಯೇನಿಲ್ಲ. ಲಕ್ಷಾಂತರ ರೂಪಾಯಿಯ ಕಾರಿನಲ್ಲಿ ನಲವತ್ತೆಂಟು ಪುಟದ ಪುಸ್ತಿಕೆಯ ಬೆಲೆ ಎಷ್ಟಾದೀತು?

ಕಾನೂನು ಏನನ್ನುತ್ತದೆ? ಕೇಂದ್ರದ 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಪೊಟ್ಟಣದ ಮೇಲಿನ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು. ಬೇರೆ ಭಾಷೆ ಜೊತೆಗಿದ್ದರೆ ಅಡ್ಡಿಯಿಲ್ಲವಂತೆ! ಕನ್ನಡಕ್ಕೆ ಸಿಕ್ಕಿದ್ದು ಈ 'ಅಡ್ಡಿಯಿಲ್ಲ' ಎಂಬ ಭಿಕ್ಷೆ ಮಾತ್ರ. ನಮ್ಮದೇ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2024ರಲ್ಲಿ ಜಾರಿಗೆ ಬಂತು. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ, ಸಂತೋಷ. ಆದರೆ ಹೊರರಾಜ್ಯದಲ್ಲಿ ತಯಾರಾಗಿ ಇಲ್ಲಿ ಬಂದು ಮಾರಾಟವಾಗುವ ಕಾರುಗಳ ಗತಿ? ಕೆನಡಾದ ಕ್ವೆಬೆಕ್ ಪ್ರಾಂತ್ಯ 1977ರಲ್ಲೇ ಕಾನೂನು ಮಾಡಿ, ಅಲ್ಲಿ ಮಾರುವ ವಸ್ತುವಿನ ಬಳಕೆಯ ಸೂಚನೆ, ಗ್ಯಾರಂಟಿ ಪತ್ರ ಫ್ರೆಂಚಿನಲ್ಲಿರಲೇಬೇಕು ಎಂದಿತು. ಎಲ್ಲಿ ತಯಾರಾಯಿತು ಎಂದು ಅವರು ಕೇಳಲಿಲ್ಲ, ಎಲ್ಲಿ ಮಾರುತ್ತೀರಿ ಎಂದು ಕೇಳಿದರು. ನಾವು ಕೇಳಬೇಕಾದದ್ದೂ ಅದನ್ನೇ.

ಇದು ಬರೀ ಅಭಿಮಾನದ ಮಾತಲ್ಲ. ಏರ್‌ಬ್ಯಾಗ್ ಎಚ್ಚರಿಕೆ ಇಂಗ್ಲಿಷಿನಲ್ಲಿ, ಅದರೊಳಗೆ ಕೈ ಹಾಕುವ ಹುಡುಗ ಕನ್ನಡ ಶಾಲೆಯವನು. ಅವನ ಕೈಗೆ, ಮುಖಕ್ಕೆ ಏಟಾದರೆ ಯಾರು ಹೊಣೆ? ಓದಲಾಗದವನ ಜೇಬಿಗೆ 'ಪೂರ್ತಿ ಸೆಟ್' ಹೆಸರಲ್ಲಿ ಬೀಳುವ ಕತ್ತರಿಗೆ ಯಾರು ಹೊಣೆ?

ಆದ್ದರಿಂದ ಬಂಧುಗಳೇ, ಹೊಸ ಕಾರು, ಬೈಕು, ಪಂಪ್‌ಸೆಟ್ ಯಾವುದೇ ಕೊಳ್ಳುವಾಗ ಹಣ ಎಣಿಸುವ ಮೊದಲು ಕೇಳಿ: "ಕನ್ನಡ ಪುಸ್ತಿಕೆ ಎಲ್ಲಿ?" ಇಲ್ಲವೆಂದರೆ ಅದನ್ನೇ ಬರೆದು ಕೊಡಿ ಎನ್ನಿ. ಅಂಥ ಹತ್ತು ಪತ್ರ ಕೈಗೆ ಬಂದರೆ ಹೋರಾಟಕ್ಕೆ ಬುಡ ಸಿಕ್ಕಂತೆ. ಬೇಡಿಕೆ ಪತ್ರದ ನಮೂನೆಯನ್ನು ನನ್ನ ಮುದ್ರಣಾಲಯದಲ್ಲಿ ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಬಂದು ಒಯ್ಯಿರಿ, ತುಂಬಿರಿ, ಅಂಗಡಿಯವರ ಸಹಿ ಹಾಕಿಸಿರಿ.