ಒಡೆಯ ಬದಲಾದಾಗ ಕೆಲಸವೂ ಬದಲಾದರೆ?

ಬಾಗಲೂರಿನಿಂದ ದೇವನಹಳ್ಳಿಯವರೆಗಿನ ಬೆಂಗಳೂರಿನ ಉತ್ತರ ಸೀಮೆ ಕಳೆದ ಎರಡು ದಶಕಗಳಲ್ಲಿ ದ್ರಾಕ್ಷಿ ತೋಟ, ರಾಗಿ ಹೊಲಗಳಿಂದ ಉದ್ಯಮಗಳ ನೆಲೆಯಾಗಿ ಮಾರ್ಪಟ್ಟಿದೆ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಬಂತು; ಅದರ ಹಿಂದೆಯೇ ವೈಮಾಂತರಿಕ್ಷ ಉದ್ಯಾನ, ಬಿಡಿಭಾಗಗಳ ಕಾರ್ಖಾನೆಗಳು, ವಿನ್ಯಾಸ ಕೇಂದ್ರಗಳು ಬಂದವು. ಇಲ್ಲಿ ಭೂಮಿಯ ಒಡೆತನ ಕೈ ಬದಲಾದ ಬಗೆ ಸಾಕಷ್ಟು ಚರ್ಚೆಯಾಗಿದೆ. ಆದರೆ ಆ ಭೂಮಿಯ ಮೇಲೆ ನಿಂತ ಕಂಪನಿಗಳ ಒಡೆತನ ಕೈ ಬದಲಾದಾಗ ಅಲ್ಲಿ ದುಡಿಯುವವರ ಪಾಡೇನು ಎಂಬ ಪ್ರಶ್ನೆ ಅಷ್ಟಾಗಿ ಕೇಳಿಬಂದಿಲ್ಲ.

ಇದು ಅಪರೂಪದ ಸಂಗತಿಯೇನಲ್ಲ. ವಿಮಾನ ನಿಲ್ದಾಣವನ್ನು ನಡೆಸುವ ಕಂಪನಿಯಲ್ಲಿ ಜಿವಿಕೆ ಸಮೂಹ ಹೊಂದಿದ್ದ ಷೇರುಗಳೆಲ್ಲ 2017ರಲ್ಲಿ ಕೆನಡಾ ಮೂಲದ ಫೇರ್‌ಫ್ಯಾಕ್ಸ್ ಪಾಲಾದವು. ಬೆಂಗಳೂರಿನಲ್ಲಿ ಘಟಕಗಳನ್ನು ಹೊಂದಿದ್ದ ಗುಡ್‌ರಿಚ್ ಕಂಪನಿಯನ್ನು 2012ರಲ್ಲಿ ಯುನೈಟೆಡ್ ಟೆಕ್ನಾಲಜೀಸ್ ಕೊಂಡಿತು. 2018ರಲ್ಲಿ ಅದು ಕಾಲಿನ್ಸ್ ಏರೋಸ್ಪೇಸ್‌ನ ಭಾಗವಾಯಿತು. 2020ರಲ್ಲಿ ಮೂಲ ಕಂಪನಿ ರೇಥಿಯಾನ್ ಜತೆ ವಿಲೀನಗೊಂಡಿತು. ಎಂಟು ವರ್ಷಗಳಲ್ಲಿ ಮೂರು ಬಾರಿ ಮೇಲಿನ ಫಲಕ ಬದಲಾಯಿತು. ಬೆಂಗಳೂರಿನಲ್ಲೇ ಹುಟ್ಟಿದ ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಷರ್ ಜತೆ ಒಂದಾಯಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಹಾರಾಟ ನಿಲ್ಲಿಸುವಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ನಗರದ ಮೈಂಡ್‌ಟ್ರೀ 2019ರಲ್ಲಿ ಎಲ್ ಅಂಡ್ ಟಿ ವಶವಾಯಿತು. 2022ರಲ್ಲಿ ಅದೇ ಸಮೂಹದ ಇನ್ನೊಂದು ಕಂಪನಿಯೊಂದಿಗೆ ಬೆರೆಯಿತು.

ಇಂಥ ಸಂದರ್ಭದಲ್ಲಿ ನೌಕರನಿಗೆ ಎದುರಾಗುವ ಮೊದಲ ಆತಂಕ ಕೆಲಸ ಹೋಗುವುದೇ ಎಂಬುದು. ಎರಡನೆಯದು ಹೆಚ್ಚು ಸೂಕ್ಷ್ಮವಾದದ್ದು: ಕೆಲಸ ಉಳಿದರೂ ಅದು ತಾನು ಮಾಡುತ್ತಿದ್ದ ಕೆಲಸವಾಗಿಯೇ ಉಳಿಯುವುದೇ? ಹತ್ತು ವರ್ಷ ಗುಣಮಟ್ಟ ಪರೀಕ್ಷೆಯಲ್ಲಿ ಪಳಗಿದವರನ್ನು ಪೂರೈಕೆದಾರರ ಕಡತ ನೋಡಿಕೊಳ್ಳಲು ಹಾಕಬಹುದು. ಸಂಬಳ ಒಂದು ರೂಪಾಯಿಯೂ ಕಡಿಮೆಯಾಗಿರುವುದಿಲ್ಲ. ಆದರೆ ಗಳಿಸಿದ ಪರಿಣತಿ ತುಕ್ಕು ಹಿಡಿಯುತ್ತದೆ, ಮುಂದಿನ ಬಡ್ತಿಯ ದಾರಿ ಮುಚ್ಚುತ್ತದೆ. ಈ ನಷ್ಟವನ್ನು ನಮ್ಮ ಕಾನೂನು ನಷ್ಟವೆಂದು ಗುರುತಿಸುತ್ತದೆಯೇ?

ಮೊದಲಿಗೆ, ಎಲ್ಲ ಸ್ವಾಧೀನಗಳೂ ಕಾನೂನಿನ ಕಣ್ಣಿನಲ್ಲಿ ಒಂದೇ ಅಲ್ಲ. ಕಂಪನಿಯ ಷೇರುಗಳನ್ನು ಮತ್ತೊಬ್ಬರು ಕೊಂಡರೆ ಮಾಲೀಕ ಬದಲಾದಂತೆ ಲೋಕಕ್ಕೆ ಕಂಡರೂ ಉದ್ಯೋಗದಾತ ಕಂಪನಿ ಹಳೆಯದೇ; ನೇಮಕಾತಿ ಪತ್ರ ಹಾಗೆಯೇ ಮುಂದುವರಿಯುತ್ತದೆ. ಫ್ಲಿಪ್‌ಕಾರ್ಟ್‌ನ ಬಹುಪಾಲು ಷೇರುಗಳನ್ನು 2018ರಲ್ಲಿ ವಾಲ್‌ಮಾರ್ಟ್ ಕೊಂಡದ್ದು ಈ ಬಗೆಯದು. ಕಾರ್ಖಾನೆಯನ್ನೋ ವಿಭಾಗವನ್ನೋ ಒಂದು ಕಂಪನಿ ಇನ್ನೊಂದಕ್ಕೆ ಮಾರಿದರೆ ಮಾತ್ರ ಉದ್ಯೋಗದಾತನೇ ಬೇರೆಯಾಗುತ್ತಾನೆ. ಆಗ ಅನ್ವಯಿಸುತ್ತಿದ್ದುದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25ಎಫ್‌ಎಫ್ ಕಲಂ. ಅದರ ತಿರುಳನ್ನು 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಉಳಿಸಿಕೊಂಡಿದೆ. ಸೇವೆ ಮುರಿಯಬಾರದು, ಸೇವಾ ಷರತ್ತುಗಳು ಮೊದಲಿಗಿಂತ ಕೆಳಗಿಳಿಯಬಾರದು, ಮುಂದೊಮ್ಮೆ ಕೆಲಸದಿಂದ ತೆಗೆದರೆ ಹಿಂದಿನ ವರ್ಷಗಳನ್ನೂ ಸೇರಿಸಿ ಪರಿಹಾರ ಕೊಡುವ ಹೊಣೆ ಹೊಸ ಮಾಲೀಕನದಾಗಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ, ಒಂದು ವರ್ಷ ಸೇವೆ ಪೂರೈಸಿದ ಕಾರ್ಮಿಕ ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನದ ಲೆಕ್ಕದಲ್ಲಿ ಪರಿಹಾರಕ್ಕೆ ಅರ್ಹ.

ನೌಕರನ ಒಪ್ಪಿಗೆಯ ಪ್ರಶ್ನೆಯೂ ನ್ಯಾಯಾಲಯಗಳ ಮುಂದೆ ಬಂದಿದೆ. ಫಿಲಿಪ್ಸ್ ಕಂಪನಿ ಕೋಲ್ಕತ್ತದ ಸಾಲ್ಟ್ ಲೇಕ್ ಕಾರ್ಖಾನೆಯನ್ನು ವಿಡಿಯೊಕಾನ್ ಸಮೂಹಕ್ಕೆ ಮಾರಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ, ಕಾರ್ಮಿಕರನ್ನು ಅವರ ಒಪ್ಪಿಗೆಯಿಲ್ಲದೆ ಬೇರೆ ಆಡಳಿತದಡಿ ದುಡಿಯುವಂತೆ ಬಲವಂತಪಡಿಸಲಾಗದು, ಒಪ್ಪದವರಿಗೆ ಪರಿಹಾರ ಸಲ್ಲಬೇಕು ಎಂದಿತು. ಯಂತ್ರಗಳ ಪಟ್ಟಿಯ ಜತೆಗೆ ಮನುಷ್ಯರನ್ನೂ ಸೇರಿಸಿ ಮಾರಲಾಗದು ಎಂಬ ತತ್ವವಿದು.

ಆದರೆ ಕೆಲಸದ ಸ್ವರೂಪ ಬದಲಾದಾಗ ಈ ರಕ್ಷಣೆ ತೆಳುವಾಗುತ್ತದೆ. ಕಾರ್ಮಿಕರ ಸೇವಾ ಷರತ್ತುಗಳನ್ನು ಬದಲಿಸುವ ಮುನ್ನ 21 ದಿನಗಳ ನೋಟಿಸ್ ಕೊಡಬೇಕೆಂಬ ನಿಯಮ ಹಳೆಯ ಕಾಯ್ದೆಯಲ್ಲೂ ಇತ್ತು, ಸಂಹಿತೆಯಲ್ಲೂ ಇದೆ. ಯಾವ ಷರತ್ತುಗಳು ಎಂಬುದಕ್ಕೆ ಪಟ್ಟಿಯಿದೆ: ವೇತನ, ಭತ್ಯೆ, ಕೆಲಸದ ಅವಧಿ, ಪಾಳಿ, ರಜೆ, ಶ್ರೇಣಿ ಮುಂತಾದವು. ‘ಕೆಲಸದ ಸ್ವರೂಪ’ ಎಂಬ ಬಾಬತ್ತು ಅಲ್ಲಿಲ್ಲ. ಸಂಬಳ, ಶ್ರೇಣಿಗಳನ್ನು ಮುಟ್ಟದೆ ಕೆಲಸವನ್ನು ಮಾತ್ರ ಬದಲಿಸಿದರೆ, ಅದು ನೋಟಿಸ್ ಬೇಡುವ ಬದಲಾವಣೆಯಲ್ಲ ಎಂದು ವಾದಿಸಲು ಆಡಳಿತ ವರ್ಗಕ್ಕೆ ದಾರಿ ತೆರೆದೇ ಇದೆ.

ಇನ್ನೊಂದು ಅಪಾಯ ಬಡ್ತಿಯ ವೇಷದಲ್ಲಿ ಬರುತ್ತದೆ. ಸ್ವಾಧೀನದ ಬಳಿಕ ಹುದ್ದೆಯ ಹೆಸರಿನ ಮುಂದೆ ‘ಮ್ಯಾನೇಜರ್’ ಎಂಬ ಪದ ಸೇರುವುದು ಸಾಮಾನ್ಯ. ಆಡಳಿತಾತ್ಮಕ ಅಧಿಕಾರವುಳ್ಳವರು ಕಾನೂನಿನ ಪ್ರಕಾರ ‘ಕಾರ್ಮಿಕ’ರಲ್ಲ, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರೂ ಅಲ್ಲ. ಆದರೆ ತಾಂತ್ರಿಕ ಅಥವಾ ಕುಶಲ ಕೆಲಸ ಮಾಡುವವರಿಗೆ ಇಂಥ ವೇತನದ ಮಿತಿಯಿಲ್ಲ. ಎಂದರೆ, ತಾಂತ್ರಿಕ ಹುದ್ದೆಯಿಂದ ಮೇಲ್ವಿಚಾರಣೆಯ ಹುದ್ದೆಗೆ ಸರಿಸಿದ ಕ್ಷಣವೇ ನೌಕರ ಕಾನೂನಿನ ಕೊಡೆಯಿಂದ ಹೊರಗೆ ಬೀಳಬಹುದು. ನ್ಯಾಯಾಲಯಗಳು ಹುದ್ದೆಯ ಹೆಸರನ್ನಲ್ಲ, ನಿಜವಾಗಿ ಮಾಡುವ ಕೆಲಸವನ್ನು ನೋಡುತ್ತವೆ ಎಂಬುದೊಂದು ಸಮಾಧಾನ. ಆದರೆ ಅದನ್ನು ಸಾಬೀತುಪಡಿಸುವ ಭಾರ ನೌಕರನ ಮೇಲೆಯೇ ಬೀಳುತ್ತದೆ.

ಸರ್ಕಾರವೇ ಒಡೆಯನಾಗಿದ್ದಾಗ ಏನಾಯಿತೆಂಬುದನ್ನು ಕರ್ನಾಟಕ ಕಂಡಿದೆ. 2019ರ ಏಪ್ರಿಲ್ 1ರಂದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದಾಗ, ನೌಕರರೆಲ್ಲರ ಸೇವೆ ಮುಂದುವರಿಯುತ್ತದೆ, ವೇತನ ಭತ್ಯೆಗಳು ಕಡಿಮೆಯಾಗವು ಎಂದು ವಿಲೀನ ಯೋಜನೆಯಲ್ಲೇ ಬರೆಯಲಾಗಿತ್ತು. ಖಾಸಗಿ ವ್ಯವಹಾರಗಳಲ್ಲಿ ಇಂಥ ಬರಹ ಇರುತ್ತದೆಯೇ ಇಲ್ಲವೇ ಎಂಬುದು ಮಾರುವವರ, ಕೊಳ್ಳುವವರ ಮರ್ಜಿಗೆ ಬಿಟ್ಟದ್ದು. ಆ ಒಪ್ಪಂದದ ಮೇಜಿನ ಸುತ್ತ ನೌಕರರಿಗೆ ಕುರ್ಚಿಯಿರುವುದಿಲ್ಲ.

ಉದ್ಯಮದ ವಾದವನ್ನೂ ಕೇಳಬೇಕು. ಎರಡು ಕಂಪನಿಗಳು ಒಂದಾದಾಗ ಎರಡು ಲೆಕ್ಕಪತ್ರ ವಿಭಾಗಗಳನ್ನು ಇಟ್ಟುಕೊಳ್ಳಲಾಗದು. ಬೇರೆ ಕೆಲಸ ಕೊಡುವುದು ಮನೆಗೆ ಕಳಿಸುವುದಕ್ಕಿಂತ ಮೇಲಲ್ಲವೇ? ಹೌದು, ಹಲವು ಬಾರಿ ಮೇಲೇ. ಪ್ರಶ್ನೆ ಬದಲಾವಣೆ ಆಗಬೇಕೇ ಎಂಬುದಲ್ಲ, ಅದರ ವೆಚ್ಚವನ್ನು ಯಾರು ಹೊರಬೇಕು ಎಂಬುದು. ಯುರೋಪು 1977ರಲ್ಲೇ ಇದಕ್ಕೊಂದು ಉತ್ತರ ಕಂಡುಕೊಂಡಿತು. ಉದ್ಯಮ ಹಸ್ತಾಂತರವಾದಾಗ ಕೆಲಸದ ಸ್ಥಿತಿಗತಿ ನೌಕರನಿಗೆ ಹಾನಿಯಾಗುವಂತೆ ಗಣನೀಯವಾಗಿ ಬದಲಾಗಿ, ಆ ಕಾರಣಕ್ಕೆ ಉದ್ಯೋಗ ಸಂಬಂಧ ಮುರಿದುಬಿದ್ದರೆ, ಅದರ ಹೊಣೆ ಉದ್ಯೋಗದಾತನದೇ ಎಂದು ಅಲ್ಲಿನ ನಿರ್ದೇಶನ ಹೇಳುತ್ತದೆ. ಅಂದರೆ ಬೇಸತ್ತು ಕೊಟ್ಟ ರಾಜೀನಾಮೆಯನ್ನು ಸ್ವಇಚ್ಛೆಯ ರಾಜೀನಾಮೆಯೆಂದು ತಳ್ಳಿಹಾಕುವಂತಿಲ್ಲ.

ನಮಗೂ ಬೇಕಾದದ್ದು ಇಂಥದೊಂದು ಸಾಲು. ನೋಟಿಸ್ ಪಟ್ಟಿಗೆ ‘ಕೆಲಸದ ಸ್ವರೂಪದಲ್ಲಿ ಗಣನೀಯ ಬದಲಾವಣೆ’ಯನ್ನು ಸೇರಿಸುವುದು, ಒಪ್ಪದವರಿಗೆ ಪರಿಹಾರದೊಂದಿಗೆ ಹೊರಹೋಗುವ ಹಕ್ಕು ಕೊಡುವುದು ಉದ್ಯಮಕ್ಕೆ ಹೊರಲಾಗದ ಹೊರೆಯಲ್ಲ. ಕೊಳ್ಳುವ ಬೆಲೆಯನ್ನು ಲೆಕ್ಕ ಹಾಕುವಾಗಲೇ ಅದನ್ನೂ ಸೇರಿಸಿಕೊಳ್ಳಬಹುದು.

ಅಲ್ಲಿಯವರೆಗೆ ನೌಕರರೇ ಎಚ್ಚರದಿಂದಿರಬೇಕು. ಸ್ವಾಧೀನದ ಹೊತ್ತಿನಲ್ಲಿ ‘ಇದು ಬರೀ ಶಾಸ್ತ್ರಕ್ಕೆ’ ಎಂದು ಹೇಳಿ ಹಳೆಯ ಕಂಪನಿಗೆ ರಾಜೀನಾಮೆ ಬರೆಸಿಕೊಂಡು ಹೊಸ ನೇಮಕಾತಿ ಪತ್ರ ಕೊಡುವುದುಂಟು. ಹಿಂದಿನ ಸೇವೆ ಲೆಕ್ಕಕ್ಕೆ ಬರುತ್ತದೆಂಬ ಮಾತು ಆ ಪತ್ರದಲ್ಲಿಲ್ಲದಿದ್ದರೆ ಗ್ರಾಚ್ಯುಟಿಯಿಂದ ಹಿಡಿದು ಪರಿಹಾರದವರೆಗೆ ಎಲ್ಲಕ್ಕೂ ಕುತ್ತು ಬಂದೀತು. ಹೊಸ ಸಂಹಿತೆಗಳು ಎಲ್ಲರಿಗೂ ನೇಮಕಾತಿ ಪತ್ರ ಕಡ್ಡಾಯ ಮಾಡಿವೆ. ತಾನು ಮಾಡಬೇಕಾದ ಕೆಲಸ ಯಾವುದೆಂಬುದು ಆ ಪತ್ರದಲ್ಲಿ ಸ್ಪಷ್ಟವಾಗಿರುವಂತೆ ನೋಡಿಕೊಳ್ಳುವುದು ಒಳಿತು. ಬಾಗಲೂರಿನಿಂದ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಬೇಕಾದರೆ ಇಡೀ ನಗರವನ್ನು ದಾಟಬೇಕು. ಅಲ್ಲಿಗೆ ಹೋಗುವ ದಿನ ಬಂದರೆ ಕೈಯಲ್ಲಿ ಬಾಯಿಮಾತಿನ ಭರವಸೆಯಲ್ಲ, ಕಾಗದ ಇರಬೇಕು.